ಎರಡನೇ ಪೆಡಲ್ ಸ್ಟೀಲ್: ದುಡ್ಡು ಕೊಡುವ ಮುಂಚೆ ಟ್ಯೂನರ್ ಹಚ್ಚಿ

ಮೈಸೂರು, ಮಂಡ್ಯ ಕಡೆ ಹವಾಯಿಯನ್ ಗಿಟಾರಿನಲ್ಲಿ ಕೈ ಪಳಗಿದವರು, ಕಾಲಿನ ಪೆಡಲ್, ಮೊಣಕಾಲಿನ ಲಿವರ್ ಒತ್ತಿ ತಂತಿಯ ಸ್ವರ ಬದಲಿಸುವ ಪೆಡಲ್ ಸ್ಟೀಲ್‌ಗೆ ಹೊರಳುವಾಗ ಮೊದಲು ಕೊಳ್ಳುವುದು ಕಲಿಯುವವರಿಗೆಂದು ಮಾಡಿದ ಸ್ಟೂಡೆಂಟ್ ಮಾಡೆಲ್. ಅದರಲ್ಲಿ ತಪ್ಪೇನಿಲ್ಲ. ಎಡವುವುದು ಎರಡನೇ ಸಲ. ಹಳೆಯದು ಶ್ರುತಿ ನಿಲ್ಲಿಸುತ್ತಿಲ್ಲ ಅಂತ ಬೇಸತ್ತು, ಎರಡು ನೆಕ್ಕಿನ (ತಂತಿಗಳ ಎರಡು ಸಾಲಿರುವ), ಥಳಥಳ ಹೊಳೆಯುವ ಒಂದಕ್ಕೆ ಇದ್ದ ದುಡ್ಡನ್ನೆಲ್ಲ ಸುರಿದುಬಿಡುತ್ತಾರೆ. ಮನೆಗೆ ತಂದು ಕಾಲು ಸಿಕ್ಕಿಸಿ ಕೂತಾಗ ಅದೇ ಚಾಳಿ ಇಲ್ಲೂ ಕಾಣುತ್ತದೆ. ಈ ವಾದ್ಯಕ್ಕೆ ಬೆಲೆ ಬರುವುದು ಹೊಟ್ಟೆಯಡಿ ಇರುವ ಯಂತ್ರದಿಂದ. ನೋಡಬೇಕಾದ್ದು ಅದನ್ನೇ.

ಮೊದಲು ಹಳೆಯದನ್ನು ವಿಚಾರಿಸಿ

ಬದಲಾಯಿಸಲೇಬೇಕಾ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ಹೊಸ ತಂತಿ ಹಾಕಿ. ಇ9 ಎಂಬ ಸಾಮಾನ್ಯ ಶ್ರುತಿಗೆ ಒಂದನೇ ತಂತಿಯಿಂದ ಹತ್ತರವರೆಗೆ .013, .015, .011, .014, .017, .020, .026, .030, .034, .036 ಇಂಚಿನ ಅಳತೆ ನಡೆಯುತ್ತದೆ. ಚೇಂಜರಿನ (ಬಲತುದಿಯಲ್ಲಿ ತಂತಿಗಳನ್ನು ಬಿಗಿದು ಸಡಿಲಿಸುವ ಭಾಗ) ಬೆರಳುಗಳ ನಡುವೆ ಕಪ್ಪಗೆ ಅಂಟಿದ ಜಿಡ್ಡಿದ್ದರೆ ಲೈಟರ್ ದ್ರವ ಬಿಟ್ಟು ತೊಳೆದು, ಒಣಗಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಬಿಡಿ. ಪಂಪಿನ ಡಬ್ಬಿಯಲ್ಲಿ ಬರುವ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ. ಆ ದಿನ ನಯವಾಗಿ ಓಡುತ್ತದೆ. ಕೆಲವು ತಿಂಗಳಲ್ಲಿ ಧೂಳು ಹಿಡಿದು ಗೋಂದಿನಂತಾಗುತ್ತದೆ. ಶ್ರುತಿ ತಪ್ಪುತ್ತದೆ ಎಂದು ದೂರುವ ಅನೇಕ ಗಿಟಾರುಗಳು ಇಷ್ಟಕ್ಕೇ ಸರಿಹೋಗುತ್ತವೆ.

ಸರಿಹೋಗದೆ ಇರುವುದು ಯಂತ್ರದ ಮಿತಿ. ಹಳೆಯ ಸ್ಟೂಡೆಂಟ್ ಮಾಡೆಲ್‌ಗಳಲ್ಲಿ ಮೂರು ಪೆಡಲ್, ಒಂದೇ ಮೊಣಕಾಲು ಲಿವರ್ ಇರುವುದುಂಟು. ಇನ್ನು ಕೆಲವದರಲ್ಲಿ ಒಂದೇ ತಂತಿಯನ್ನು ಒಂದು ಲಿವರಿನಿಂದ ಏರಿಸಿ ಇನ್ನೊಂದರಿಂದ ಇಳಿಸುವ ಅವಕಾಶವೇ ಇರುವುದಿಲ್ಲ. ಅಂಥದ್ದು ಕೈಯಲ್ಲಿದ್ದರೆ ಮುಂದೆ ಓದಿ.

ಎಷ್ಟು ಪೆಡಲ್, ಎಷ್ಟು ಲಿವರ್

ಒಂದೇ ನೆಕ್, ಹತ್ತು ತಂತಿ, ಮೂರು ಪೆಡಲ್, ನಾಲ್ಕು ಲಿವರ್. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ, ಐದನೇ ಲಿವರ್ ಸಿಕ್ಕರೆ ಬಿಡಬೇಡಿ. ಪೆಡಲುಗಳಿಗೆ ಎ, ಬಿ, ಸಿ ಎಂದು ಹೆಸರು, ಅವು ಸ್ವರಗಳಲ್ಲ. ಎ ಪೆಡಲ್ 5 ಮತ್ತು 10ನೇ ತಂತಿಯ ಬಿ ಸ್ವರವನ್ನು ಸಿ ಶಾರ್ಪ್‌ಗೆ, ಬಿ ಪೆಡಲ್ 3 ಮತ್ತು 6ನೇ ತಂತಿಯ ಜಿ ಶಾರ್ಪ್ ಅನ್ನು ಎ ಸ್ವರಕ್ಕೆ, ಸಿ ಪೆಡಲ್ 4ನೇ ತಂತಿಯನ್ನು ಎಫ್ ಶಾರ್ಪ್‌ಗೂ 5ನೆಯದನ್ನು ಸಿ ಶಾರ್ಪ್‌ಗೂ ಏರಿಸುತ್ತವೆ. ಲಿವರುಗಳಲ್ಲಿ ಇರಲೇಬೇಕಾದವು ಮೂರು: 4 ಮತ್ತು 8ನೇ ತಂತಿಯ ಇ ಸ್ವರವನ್ನು ಎಫ್‌ಗೆ ಏರಿಸುವುದು, ಅದೇ ಇ ಸ್ವರವನ್ನು ಡಿ ಶಾರ್ಪ್‌ಗೆ ಇಳಿಸುವುದು, ಎರಡನೇ ತಂತಿಯನ್ನು ಡಿ ಶಾರ್ಪ್‌ನಿಂದ ಡಿ, ಸಿ ಶಾರ್ಪ್‌ವರೆಗೆ ಇಳಿಸುವುದು. ಐದನೆಯದಾಗಿ ಮೊಣಕಾಲು ಮೇಲೆತ್ತಿ ಒತ್ತುವ ನಿಂತ ಲಿವರ್ ಇದ್ದರೆ ಬಿ ಸ್ವರ ಬಿ ಫ್ಲ್ಯಾಟ್‌ಗೆ ಇಳಿಯುತ್ತದೆ.

ಎಡದಿಂದ ಎ, ಬಿ, ಸಿ ಎಂದು ಜೋಡಿಸಿದ್ದು ಎಮನ್ಸ್ ಕ್ರಮ. ಸಿ, ಬಿ, ಎ ಎಂದಿದ್ದರೆ ಡೇ ಕ್ರಮ. ಬಡ್ಡಿ ಎಮನ್ಸ್, ಜಿಮ್ಮಿ ಡೇ ಎಂಬ ಇಬ್ಬರು ಪೆಡಲ್ ಸ್ಟೀಲ್ ವಾದಕರಿಂದ ಬಂದ ಹೆಸರುಗಳು. ಹಳೆಯ ಗಿಟಾರಿನಲ್ಲಿ ಕಾಲು ಯಾವುದಕ್ಕೆ ಒಗ್ಗಿದೆಯೋ ಅದನ್ನೇ ಕೊಳ್ಳಿ.

ಎರಡು ನೆಕ್ಕಿನದು ಬೇಡ. ಹಿಂದಿನ ನೆಕ್ ಸಿ6 ಶ್ರುತಿಗೆ, ಸ್ವಿಂಗ್, ಜಾಝ್ ನುಡಿಸುವವರಿಗೆ. ಅದನ್ನು ಮುಟ್ಟದವರೂ ಅದರ ಐದು ಪೆಡಲ್, ಅದರ ಕಬ್ಬಿಣ ಎಲ್ಲ ಹೊರಬೇಕು. ಪೆಟ್ಟಿಗೆ ಸಮೇತ ಮೂವತ್ತು ಕಿಲೋ ಆಸುಪಾಸು. ಮಂಡ್ಯದ ಗಣಪತಿ ಪೆಂಡಾಲಿನ ಹಲಗೆ ಮೆಟ್ಟಿಲು ಹತ್ತಿಸಿ ನೋಡಿ, ಗೊತ್ತಾಗುತ್ತದೆ.

ಟ್ಯೂನರ್ ಪರೀಕ್ಷೆ

ಕೆಡುವುದು ಇಲ್ಲೇ. ಇಲ್ಲಿ ಕೊಳ್ಳುವವರಿಗೆ ಸಿಗುವ ಒಳ್ಳೆಯ ಗಿಟಾರುಗಳು ಹೆಚ್ಚಾಗಿ ಹೊರದೇಶದವು, ಬಳಸಿದವು. ಮಾರುವವರು ಕಳಿಸುವ ವಿಡಿಯೋದಲ್ಲಿ ಚೆಂದದ ಹಾಡೊಂದು ಇರುತ್ತದೆ. ಒಳ್ಳೆಯ ಕೈ ಯಾವ ಕೆಟ್ಟ ಗಿಟಾರನ್ನೂ ಮುಚ್ಚಿಹಾಕುತ್ತದೆ, ತಂತಿಯ ಮೇಲೆ ಜಾರಿಸುವ ಲೋಹದ ಬಾರ್ ಒಂದಿಷ್ಟು ಜರುಗಿಸಿದರೆ ಮುಗಿಯಿತು. ಆದ್ದರಿಂದ ಹಾಡು ಬೇಡ ಎನ್ನಿ. ಬಾರ್ ಇಡದೆ, ವೈರಿನ ಮೂಲಕ ಜೋಡಿಸಿದ ಸೆಂಟ್ ತೋರಿಸುವ ಟ್ಯೂನರ್ ಕ್ಯಾಮೆರಾಗೆ ಕಾಣುವಂತೆ ಇಟ್ಟುಕೊಂಡು ವಿಡಿಯೋ ಕರೆಯಲ್ಲಿ ಕೆಳಗಿನದ್ದನ್ನು ಮಾಡಿಸಿ. ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್. ಮುಳ್ಳು ಸೊನ್ನೆಯಲ್ಲೇ ನಿಲ್ಲಲಿ ಎಂದು ಹಟ ಹಿಡಿಯಬೇಡಿ. ಜಿ ಶಾರ್ಪ್ ತಂತಿಗಳನ್ನು ಅನೇಕರು ಬೇಕೆಂದೇ ಟ್ಯೂನರಿಗಿಂತ ತಗ್ಗಿಸಿರುತ್ತಾರೆ. ನೀವು ನೋಡಬೇಕಾದ್ದು ಒತ್ತುವ ಮುಂಚಿನದಕ್ಕೂ ಆಮೇಲಿನದಕ್ಕೂ ಇರುವ ವ್ಯತ್ಯಾಸ.

ಮೊದಲು ಕ್ಯಾಬಿನೆಟ್ ಡ್ರಾಪ್. ನಾಲ್ಕನೇ ತಂತಿ ಮೀಟಿಸಿ, ಮುಳ್ಳು ಎಲ್ಲಿದೆ ನೋಡಿಕೊಳ್ಳಿ. ಈಗ ಎ, ಬಿ ಪೆಡಲ್ ಎರಡನ್ನೂ ಒಟ್ಟಿಗೆ ಪೂರ್ತಿ ಒತ್ತಿಸಿ. ಈ ಎರಡೂ ನಾಲ್ಕನೇ ತಂತಿಯನ್ನು ಮುಟ್ಟುವುದೇ ಇಲ್ಲ, ಆದರೂ ಮುಳ್ಳು ಕೆಳಗೆ ಜಾರುತ್ತದೆ. ನಾಲ್ಕು ತಂತಿಗಳ ಬಿಗಿ ಒಮ್ಮೆಲೇ ಏರಿದಾಗ ಮರದ ಪೆಟ್ಟಿಗೆ, ಚೇಂಜರಿನ ಅಚ್ಚು ಕೂದಲೆಳೆಯಷ್ಟು ಬಾಗಿ ಉಳಿದ ತಂತಿಗಳು ಸಡಿಲವಾಗುವುದರಿಂದ ಹೀಗೆ. ಎರಡು ಮೂರು ಸೆಂಟ್ ಇಳಿದರೆ ಅದು ಒಳ್ಳೆಯ ಗಿಟಾರ್. ಐದಾರು ಸಹಿಸಬಹುದು. ಎಂಟು ದಾಟಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಯಾವ ರಿಪೇರಿಯವರೂ ಅದನ್ನು ಅಗ್ಗಕ್ಕೆ ಸರಿಮಾಡಲಾರರು. ಎಂಟನೇ ತಂತಿಯಲ್ಲೂ ಇದನ್ನೇ ಮಾಡಿಸಿ. ಸಿ ಪೆಡಲ್ ಒತ್ತಿಸಬೇಡಿ, ಅದು ನಾಲ್ಕನೆಯದನ್ನೇ ಎಳೆಯುತ್ತದೆ, ಲೆಕ್ಕ ಕೆಡುತ್ತದೆ.

ಎರಡನೆಯದು ಹಿಂತಿರುಗುವಿಕೆ. ಮತ್ತೆ ನಾಲ್ಕನೇ ತಂತಿ. ಎಡ ಮೊಣಕಾಲನ್ನು ಎಡಕ್ಕೆ ತಳ್ಳಿ (ಸಾಮಾನ್ಯವಾಗಿ ಇ ಸ್ವರವನ್ನು ಏರಿಸುವುದು ಈ ಲಿವರ್) ಬಿಡಿಸಿ, ಮೀಟಿಸಿ, ಮುಳ್ಳು ನೋಡಿ. ಆಮೇಲೆ ಇಳಿಸುವ ಲಿವರ್ ಒತ್ತಿ ಬಿಡಿಸಿ, ಮೀಟಿಸಿ, ನೋಡಿ. ಏರಿಸಿ ಬಿಟ್ಟಾಗಲೂ ಇಳಿಸಿ ಬಿಟ್ಟಾಗಲೂ ತಂತಿ ಒಂದೇ ಜಾಗಕ್ಕೆ ವಾಪಸ್ಸಾಗಬೇಕು. ಎರಡು ಸೆಂಟ್ ಹೆಚ್ಚುಕಮ್ಮಿ ನಡೆಯುತ್ತದೆ. ನಾಲ್ಕೈದು ಬಂದರೆ ಕಾರಣ ಹುಡುಕಿಸಿ. ಚೇಂಜರಿನಲ್ಲಿ ಜಿಡ್ಡು ಇರಬಹುದು, ಎಡತುದಿಯಲ್ಲಿ ತಂತಿ ಹಾಯುವ ಪುಟ್ಟ ಚಕ್ರ (ನಟ್ ರೋಲರ್) ತಿರುಗದೆ ಹಿಡಿದುಕೊಂಡಿರಬಹುದು, ಇಳಿಸುವ ಬೆರಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿರಬಹುದು. ಇವೆಲ್ಲಕ್ಕಿಂತ ಸಾಮಾನ್ಯವಾದದ್ದು, ಚೇಂಜರನ್ನು ಎಳೆಯುವ ರಾಡಿನ ಬಲತುದಿಯ ನೈಲಾನ್ ನಟ್ಟನ್ನು ಅತಿಯಾಗಿ ಬಿಗಿದಿರುವುದು. ಪೆಡಲ್ ಒತ್ತದೆ ಇರುವಾಗ ರಾಡಿನಲ್ಲಿ ಚೂರು ಸಡಿಲ ಉಳಿದಿರಲೇಬೇಕು. ಇಲ್ಲದಿದ್ದರೆ ಬೆರಳು ತನ್ನ ಆಧಾರಕ್ಕೆ ಬಂದು ಕೂರುವುದೇ ಇಲ್ಲ. ಅರ್ಧ ಸುತ್ತು ಸಡಿಲಿಸಿ ಮತ್ತೆ ಮೀಟಿಸಿ. ಇಷ್ಟಕ್ಕೆ ಸರಿಹೋದರೆ ಗಿಟಾರಿನ ತಪ್ಪಲ್ಲ, ಮಾಲೀಕರದ್ದು. "ಲಿವರನ್ನು ಒಮ್ಮೆ ತಟ್ಟಿಬಿಟ್ಟರೆ ಸರಿಹೋಗತ್ತೆ" ಎಂಬ ಮಾತು ಬಂದರೆ ಮಾತ್ರ ಬೆಲೆ ಇಳಿಸಿ ಅಥವಾ ಬಿಟ್ಟುಬಿಡಿ.

ಮೂರನೆಯದು ಐದನೇ ತಂತಿಯ ಮೇಲೆ. ಎ ಪೆಡಲಿನಿಂದ ಬರುವ ಸಿ ಶಾರ್ಪ್, ಸಿ ಪೆಡಲಿನಿಂದ ಬರುವ ಸಿ ಶಾರ್ಪ್ ಎರಡಕ್ಕೂ ಬೇರೆ ಬೇರೆ ರಾಡು, ಬೇರೆ ನಟ್ಟು. ಎರಡೂ ಒಂದೇ ಕಡೆ ನಿಲ್ಲಬೇಕು. ನಿಂತ ಲಿವರ್ ಇದ್ದರೆ ಅದನ್ನೂ ಎ ಪೆಡಲನ್ನೂ ಒಟ್ಟಿಗೆ ಒತ್ತಿಸಿ. ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ, ನಡುವೆ ಸಿ ಸ್ವರ ಬರಬೇಕು. ಆ ನಡುವಿನ ಸ್ವರವನ್ನು ಪ್ರತ್ಯೇಕವಾಗಿ ಶ್ರುತಿ ಮಾಡುವ ಸ್ಕ್ರೂ ಇದೆಯಾ ಕೇಳಿ. ಎರಡನೇ ಗಿಟಾರಿಗೆ ಹೆಚ್ಚು ದುಡ್ಡು ಕೊಡುವುದು ಇಂಥದ್ದಕ್ಕೇ. ಎರಡನೇ ತಂತಿ ಇಳಿಸುವ ಲಿವರಿನಲ್ಲಿ ಡಿ ಸ್ವರ ಬಂದ ಕಡೆ ಮೊಣಕಾಲಿಗೆ ಸಣ್ಣ ತಡೆ ತಿಳಿಯಬೇಕು, ಆಮೇಲೆ ಸಿ ಶಾರ್ಪ್‌ಗೆ ಹೋಗಬೇಕು. ತಡೆ ಇಲ್ಲದಿದ್ದರೆ ಡಿ ಸಿಗುವುದು ಅದೃಷ್ಟದ ಮೇಲೆ. ರಾಗ ನುಡಿಸುವ ಆಸೆ ಇದ್ದವರಿಗೆ ಒಂದು ಮಾತು: ಗಮಕ ಬಾರಿನಿಂದ ಬರಲಿ, ಪೆಡಲ್ ನಿಲ್ಲುವ ಜಾಗ ಸ್ಕ್ರೂ ಇಟ್ಟ ಜಾಗ, ಅದರಾಚೆಗೆ ಅದು ಹೋಗುವುದಿಲ್ಲ.

ಕೊನೆಗೆ ಗಿಟಾರ್ ಬೋರಲು ಹಾಕಿಸಿ ಕೆಳಗಿನ ಫೋಟೋ ತರಿಸಿಕೊಳ್ಳಿ. ರಾಡುಗಳು ನೇರವಾಗಿವೆಯಾ, ಒಂದಕ್ಕೊಂದು ಉಜ್ಜುತ್ತಿವೆಯಾ, ಸ್ಪ್ರಿಂಗ್ ಜಾಗದಲ್ಲಿ ತಂತಿ ಕಟ್ಟಿದ್ದಾರಾ ನೋಡಿ. ಬೆಲ್ ಕ್ರ್ಯಾಂಕಿನಲ್ಲಿ (ಪೆಡಲಿನ ಒತ್ತನ್ನು ರಾಡಿಗೆ ದಾಟಿಸುವ ತುಂಡು) ಹಲವು ತೂತುಗಳಿರಬೇಕು. ರಾಡನ್ನು ಅಚ್ಚಿನಿಂದ ದೂರದ ತೂತಿಗೆ ಹಾಕಿದರೆ ಪೆಡಲ್ ಸ್ವಲ್ಪವೇ ಒತ್ತಿದರೂ ಸ್ವರ ಬರುತ್ತದೆ ಆದರೆ ಬಿಗಿ. ಹತ್ತಿರದ ತೂತಿಗೆ ಹಾಕಿದರೆ ಹಗುರ, ಆದರೆ ಉದ್ದಕ್ಕೆ ಒತ್ತಬೇಕು. ತೂತು ಒಂದೇ ಇದ್ದರೆ ನಿಮ್ಮ ಕಾಲಿಗೆ ತಕ್ಕಂತೆ ಹೊಂದಿಸಲಾಗದು. ಚೇಂಜರಿನ ಮೂರನೇ ಬೆರಳ ಮೇಲ್ಭಾಗದ ಹತ್ತಿರದ ಫೋಟೋ ಬೇರೆಯೇ ಕೇಳಿ. ಅಲ್ಲಿ .011 ಅಳತೆಯ ತಂತಿ ಉಜ್ಜಿ ಉಜ್ಜಿ ಗೀರು ಬಿದ್ದಿರುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ತಂತಿ ಪದೇ ಪದೇ ಅಲ್ಲೇ ತುಂಡಾಗುತ್ತದೆ. ತೆಳುವಾದ ಗೀರು ಬ್ರಾಸೋ ಹಾಕಿ ತಿಕ್ಕಿದರೆ ಹೋಗುತ್ತದೆ.

ಹಳೆಯ ಪುಷ್-ಪುಲ್ (ರಾಡುಗಳು ಎಳೆಯುವುದೂ ತಳ್ಳುವುದೂ ಇರುವ) ಯಂತ್ರದ ಗಿಟಾರುಗಳ ನಾದವನ್ನು ಎಲ್ಲರೂ ಹೊಗಳುತ್ತಾರೆ, ಸರಿ. ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲದ ಊರಿಗೆ ಅದು ಬೇಡ. ರಾಡುಗಳು ಎಳೆಯುವುದಷ್ಟೇ ಮಾಡುವ ಆಲ್-ಪುಲ್ ಚೇಂಜರೇ ಇರಲಿ, ಒಂದು ತಂತಿಗೆ ಕನಿಷ್ಠ ಎರಡು ಏರಿಕೆ ಎರಡು ಇಳಿಕೆ ಇರಲಿ, ಮೂರು ಮೂರು ಇದ್ದರೆ ಇನ್ನೂ ಒಳ್ಳೆಯದು.

ಕೂತು ನೋಡುವುದು

ಗಿಟಾರ್ ಎದುರಿಗೇ ಇದ್ದರೆ ಕೂರಿ. ಎಡ ಹಿಮ್ಮಡಿ ನೆಲದ ಮೇಲೆ, ಪಾದದ ಮುಂಭಾಗ ಎ, ಬಿ ಪೆಡಲ್ ಎರಡರ ಮೇಲೂ. ಹಿಮ್ಮಡಿ ಎತ್ತದೆ ಕಾಲು ಹೊರಳಿಸಿದರೆ ಒಂದೊಂದೇ ಒತ್ತಲು ಬರಬೇಕು. ಎಡ ಮೊಣಕಾಲಿನ ಎರಡೂ ಕಡೆ ಬೆರಳಗಲ ಜಾಗ. ಎತ್ತರ ಕಡಿಮೆ ಇರುವವರು ಲಿವರ್ ಸರಿಸಿ ಹೊಂದಿಸಬಹುದಾದದ್ದನ್ನೇ ಆರಿಸಿ.

ನಾದದ ವಿಚಾರ

ಇದಕ್ಕೆ ಕೊಡಬೇಕಾದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ತಂತಿಯ ನಾದವನ್ನು ವಿದ್ಯುತ್ತಿಗೆ ದಾಟಿಸುವ ಪಿಕಪ್ ಬದಲಾಯಿಸಬಹುದು, ಚೇಂಜರ್ ಬದಲಾಯಿಸಲಾಗದು. ಅರ್ಥಿಂಗ್ ಸರಿಯಿಲ್ಲದ ಕಲ್ಯಾಣ ಮಂಟಪಗಳಲ್ಲಿ, ದೀಪದ ಡಿಮ್ಮರ್ ಇರುವ ವೇದಿಕೆಗಳಲ್ಲಿ ಸಿಂಗಲ್ ಕಾಯಿಲ್ ಪಿಕಪ್ ಗುಂಯ್ ಎನ್ನುತ್ತದೆ, ಎರಡು ಕಾಯಿಲಿನ ಹಂಬಕರ್ ಅಷ್ಟಾಗಿ ಎನ್ನುವುದಿಲ್ಲ. ಅಮೆರಿಕದಿಂದ ಆಂಪ್ಲಿಫೈಯರ್ ಕೂಡ ತರಿಸಿದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಅದನ್ನು ಇಲ್ಲೇ ಕೊಳ್ಳಿ.

ತರಿಸುವಾಗ

ಕಾಲು, ಪೆಡಲ್ ರಾಡು, ಪೆಡಲ್ ಹಲಗೆ ಬಿಚ್ಚಿ, ಒಂದೊಂದನ್ನೂ ಸುತ್ತಿ ಕಟ್ಟಲು ಹೇಳಿ. ಪೆಟ್ಟಿಗೆಯಲ್ಲಿ ಸಡಿಲ ಬಿಟ್ಟ ಕಾಲೊಂದು ಮೊಣಕಾಲು ಲಿವರನ್ನು ಬಗ್ಗಿಸಿಬಿಡುತ್ತದೆ. ವಿಮಾನದಲ್ಲಿ ಯಾರಾದರೂ ತರುವುದಿದ್ದರೆ ಒಂದು ನಗ 32 ಕಿಲೋ ದಾಟುವಂತಿಲ್ಲ. ಕೊರಿಯರಿನಲ್ಲಿ ಬಂದರೆ ಸುಂಕ, ತೆರಿಗೆ ಬೇರೆ. ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ ಅವು ಬೀಳುತ್ತವೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ.

ನೈಲಾನ್ ನಟ್ ತಿರುಗಿಸುವ ಕೀ ಕೇಳಿ ಪಡೆಯಿರಿ. ಅಮೆರಿಕದ ಗಿಟಾರುಗಳಲ್ಲಿ ಅದು ಬಹುಪಾಲು 3/16 ಇಂಚು. ಹಾರ್ಡ್‌ವೇರ್ ಅಂಗಡಿಯ 5 ಎಂಎಂ ಕೀ ಸರಿಯಾಗಿ ಕೂರದೆ ಮೂಲೆ ಸವೆಸುತ್ತದೆ. ಹತ್ತು ನೈಲಾನ್ ನಟ್, ನಾಲ್ಕು ಸ್ಪ್ರಿಂಗ್, ಒಂದು ಡಜನ್ .011 ಅಳತೆಯ ತಂತಿ ಅದೇ ಪೆಟ್ಟಿಗೆಗೆ ಹಾಕಿಸಿ. ಬಗ್ಗಿದ ರಾಡನ್ನು ಮೈಸೂರಿನ ಮೇಟಗಳ್ಳಿ, ಹೆಬ್ಬಾಳದ ಲೇತ್‌ನವರು ಮಾಡಿಕೊಡುತ್ತಾರೆ, ಆದರೆ ಥ್ರೆಡ್ಡು ಇಂಚಿನ ಲೆಕ್ಕದ್ದು ಎಂದು ಹೇಳಿ, ಹಳೆಯದನ್ನೇ ಮಾದರಿಗೆ ಕೊಡಿ.

ಬಂದ ಮೇಲೆ ಶ್ರುತಿ ಮಾಡುವ ಕ್ರಮ ನೆನಪಿರಲಿ. ಪೆಡಲ್ ಬಿಟ್ಟುಕೊಂಡು ಖಾಲಿ ತಂತಿಯನ್ನು ಎಡತುದಿಯ ಬಿರಡೆಯಲ್ಲಿ. ಆಮೇಲೆ ಪೆಡಲ್ ಒತ್ತಿ ಬಲತುದಿಯ ನೈಲಾನ್ ನಟ್ಟಿನಲ್ಲಿ. ಕೆಲವು ಹಳೆಯ ಸ್ಟೂಡೆಂಟ್ ಮಾಡೆಲ್‌ಗಳಲ್ಲಿ ಇದು ತಿರುಗುಮುರುಗು. ಅದೇ ಅಭ್ಯಾಸದಲ್ಲಿ ಹೊಸದನ್ನು ತಿರುವಿದರೆ ಮೊದಲ ಸಂಜೆಯೇ ಮೂರನೇ ತಂತಿ ಹರಿಯುತ್ತದೆ. ಹಳೆಯ ಗಿಟಾರ್ ಮಾರುವಾಗ ಬಾರ್, ಪಿಕ್ಕುಗಳು, ವಾಲ್ಯೂಮ್ ಪೆಡಲ್ ಕೊಟ್ಟುಬಿಡಬೇಡಿ. ಅವು ಹೊಸದಕ್ಕೂ ಆಗುತ್ತವೆ, ವಾಲ್ಯೂಮ್ ಪೆಡಲಿನೊಳಗಿನ, ಸದ್ದು ಏರಿಳಿಸುವ ಪಾಟ್ ಕರಕರ ಎನ್ನುತ್ತಿದ್ದರೆ ಅದೊಂದನ್ನು ಬದಲಾಯಿಸಿದರೆ ಸಾಕು.