ಕ್ಯಾನ್ಸರ್ ರೋಗಿ ಜವಾರಿ ಔಷಧ ಮುಚ್ಚಿಡದಂಥ ಡಾಕ್ಟರ್ ಆಗುವುದು ಹೇಗೆ

ಇಂಟಿಗ್ರೇಟಿವ್ ಆಂಕಾಲಜಿ ಅಂತ ಎಂಡಿ ಸೀಟು ನಮ್ಮಲ್ಲಿ ಇಲ್ಲ. ಬೆಳಗಾವಿಯಲ್ಲಿ ಇಂಟರ್ನ್‌ಶಿಪ್ ಮುಗಿಸುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು ಮೊದಲು ಕೇಳುವುದೇ ಅದು. ಯೋಗ, ಆಕ್ಯುಪಂಕ್ಚರ್, ಊಟ, ಗಿಡಮೂಲಿಕೆ ಇವುಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಯಾವುದು ನೆರವಾಗುತ್ತದೆ, ಯಾವುದು ತೊಂದರೆ ಕೊಡುತ್ತದೆ ಎಂದು ನೋಡುವ ಕೆಲಸ ಇದು. ದಾರಿ ಮಾತ್ರ ಹಳೆಯದೇ. ಐದೂವರೆ ವರ್ಷ ಎಂಬಿಬಿಎಸ್, ಆಮೇಲೆ 3 ವರ್ಷ ರೇಡಿಯೇಶನ್ ಆಂಕಾಲಜಿ, ಅಂದರೆ ವಿಕಿರಣದಿಂದ ಕ್ಯಾನ್ಸರ್ ಚಿಕಿತ್ಸೆಯ ಎಂಡಿ. ನಾನು ಓದಿದ್ದು ಅದನ್ನೇ. ಇಲ್ಲವಾದರೆ ಜನರಲ್ ಮೆಡಿಸಿನ್ ಎಂಡಿ ಮಾಡಿ, ಮತ್ತೆ 3 ವರ್ಷ ಮೆಡಿಕಲ್ ಆಂಕಾಲಜಿ, ಅಂದರೆ ಔಷಧದಿಂದ ಕ್ಯಾನ್ಸರ್ ಚಿಕಿತ್ಸೆಯ ಡಿಎಂ. ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಮೆಡಿಸಿನ್ ಎಂಡಿಯೂ ಒಳ್ಳೆಯದು. ಯೋಗ, ಆಕ್ಯುಪಂಕ್ಚರ್ ಸರ್ಟಿಫಿಕೇಟ್ ಎಲ್ಲ ಆಮೇಲೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ. ಬೇರೆ ಅಂಗಕ್ಕೆ ಹರಡದ ಕ್ಯಾನ್ಸರ್ ಇದ್ದೂ, ಆಪರೇಶನ್, ಕಿಮೋ ಎಲ್ಲ ಬಿಟ್ಟು ಬರೀ ಪರ್ಯಾಯ ಔಷಧ ಹಿಡಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರ್‌ನಲ್ಲಿ 5 ಪಟ್ಟಿಗೂ ಜಾಸ್ತಿ. ರೋಗಿ ಆ ಕಡೆ ಹೋಗದಂತೆ ಹಿಡಿದುಕೊಳ್ಳಬೇಕಾದರೆ ನಿಮಗೆ ಕ್ಯಾನ್ಸರ್ ಚೆನ್ನಾಗಿ ಗೊತ್ತಿರಬೇಕು, ಅಲ್ವಾ?

ಇನ್ನು ಪುಸ್ತಕದಲ್ಲಿ ಸಿಗದ ಕೆಲಸ, ಕೇಳುವುದು. ‘ಬೇರೆ ಔಷಧ ತಗೊಳ್ತೀರಾ?’ ಎಂದರೆ ಸವದತ್ತಿ, ಅಥಣಿ ಕಡೆಯಿಂದ ಬಂದವರು ತಲೆ ಅಲ್ಲಾಡಿಸಿ ಇಲ್ಲ ಅನ್ನುತ್ತಾರೆ. ಡಾಕ್ಟರು ಬೈತಾರೆ ಅನ್ನೋ ಹೆದರಿಕೆ. ನಾನು ಹೀಗೆ ಕೇಳುತ್ತೇನೆ: ‘ಯಜಮಾನ್ರ, ಊರಾಗ ಯಾರರ ಜವಾರಿ ಔಷಧ ಹೇಳಿರ್ತಾರಲ್ರಿ? ಏನ್ ತಗೊಳಾಕತ್ತೀರಿ? ಬೈಯೂದಿಲ್ರಿ, ಮುಂದಿನ ಸಲ ಡಬ್ಬಿ ತಗೊಂಡ ಬರ್ರಿ, ನೋಡೋಣು.’ ಜೊತೆಗೆ ಬಂದ ಸೊಸೆಯನ್ನೋ ಮಗಳನ್ನೋ ಕೇಳಿ. ಕಷಾಯ ಕುದಿಸುವವರು ಅವರೇ. ಮರಾಠಿ ಮಾತಾಡುವವರನ್ನು ಮರಾಠಿಯಲ್ಲೇ ಕೇಳಿ. ಬೆಳಗಾವಿಯಲ್ಲಿ ಇರುವವರು ಅಷ್ಟು ಮರಾಠಿ ಕಲಿಯಲೇಬೇಕು. ಏನು, ಎಷ್ಟು, ಯಾವತ್ತಿಂದ ಎಂದು ಕೇಸ್ ಪೇಪರಿನಲ್ಲಿ ಬರೆದಿಡಿ.

ಡಬ್ಬಿ ಬಂದ ಮೇಲೆ ಓದಬೇಕಾದವರು ನೀವು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಗಿಡಮೂಲಿಕೆ ಮಾಹಿತಿಯ ವೆಬ್‌ಸೈಟ್ ‘ಅಬೌಟ್ ಹರ್ಬ್ಸ್’ ಪುಕ್ಕಟೆ ಸಿಗುತ್ತದೆ, ಅಲ್ಲಿಂದ ಶುರು ಮಾಡಿ. ಅಮೃತಬಳ್ಳಿ ತಗೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಕಿಮೋ ನಡುವೆ ಲಿವರ್ ಟೆಸ್ಟ್ ಏರಿದರೆ ಯಾವುದರಿಂದ ಅಂತ ಹೇಗೆ ಹೇಳುತ್ತೀರಿ? ಲಕ್ಷ್ಮಣಫಲದ ಎಲೆಯನ್ನೂ ಜನ ಕುದಿಸಿ ಕುಡಿಯುತ್ತಾರೆ. ಅದರಲ್ಲಿ ನರಗಳಿಗೆ ಹಾನಿ ಮಾಡುವ ಅಂಶವಿದೆ. ಗ್ರೀನ್ ಟೀಯಲ್ಲಿರುವ ಒಂದು ಅಂಶ ಬೊರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧದ ಕೆಲಸವನ್ನೇ ತಡೆಯುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡಿದೆ. ಆದರೆ ಸಾರಿಗೆ ಹಾಕುವ ಅರಿಶಿನ ನಿಲ್ಲಿಸಬೇಡಿ. ಅರಿಶಿನದ ಕ್ಯಾಪ್ಸೂಲ್ ಬೇರೆ ಮಾತು. ಎಲ್ಲದಕ್ಕೂ ಬೇಡ ಅಂದರೆ ಮುಂದಿನ ಸಲ ಡಬ್ಬಿ ಬರುವುದಿಲ್ಲ.

ಅದಕ್ಕೇ ಒಂದು ಬೇಡ ಎಂದಾಗ ಇನ್ನೊಂದು ಕೊಡಿ. ಸೊಸೈಟಿ ಫಾರ್ ಇಂಟಿಗ್ರೇಟಿವ್ ಆಂಕಾಲಜಿ, ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೋ ಜೊತೆ ಸೇರಿ ಮಾರ್ಗಸೂಚಿ ಬರೆದಿದೆ. ಸ್ತನ ಕ್ಯಾನ್ಸರ್‌ಗೆ ಲೆಟ್ರೊಜೋಲ್‌ನಂಥ ಮಾತ್ರೆ ನುಂಗಿ ಕೀಲು ನೋವು ಬಂದರೆ ಆಕ್ಯುಪಂಕ್ಚರ್ ಎನ್ನುತ್ತದೆ 2022ರದ್ದು. ಕಳವಳಕ್ಕೆ ಧ್ಯಾನ, ಯೋಗ 2023ರದ್ದರಲ್ಲಿದೆ. ಸುಸ್ತಿಗೆ ವ್ಯಾಯಾಮ, 2024ರದ್ದು. ಮನೆಯವರು ಸುಮ್ನೆ ಮಲಗಿರು ಅಂತಾರೆ. ಓಣಿಯಲ್ಲಿ ದಿನಾ ನಡೆಯಬೇಕು ಎಂದು ಔಷಧದ ಚೀಟಿಯಲ್ಲೇ ಬರೆಯಿರಿ, ಆಗ ಕೇಳುತ್ತಾರೆ.

ಊಟದ ಮಾತು ಇಲ್ಲಿನ ಅಡುಗೆಮನೆಯದ್ದೇ ಇರಲಿ. ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಆಗಿ ಕರೆಂಟ್ (ರೇಡಿಯೇಶನ್) ಕೊಡಿಸಿಕೊಳ್ಳುವವರಿಗೆ ಬಾಯಿ ಹುಣ್ಣಾಗಿ ರೊಟ್ಟಿ ಇಳಿಯುವುದಿಲ್ಲ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿ ಕೊಡಲಿ, ಖಾರ ಬೇಡ. ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಆಕ್ಸಾಲಿಪ್ಲಾಟಿನ್ ಎಂಬ ಕಿಮೋ ಔಷಧ ಹಾಕಿಸಿಕೊಂಡವರಿಗೆ ಕೆಲವು ದಿನ ತಣ್ಣನೆಯದೇನೂ ಬೇಡ, ಫ್ರಿಜ್‌ನ ಮಜ್ಜಿಗೆಯೂ ಬೇಡ.

ಆಯುರ್ವೇದ ಔಷಧ ನೀವೇ ಬರೆಯಬೇಡಿ. ಬೆಳಗಾವಿಯ ಶಹಾಪುರದಲ್ಲಿ ಕೆಎಲ್‌ಇಯ ಬಿಎಂಕೆ ಆಯುರ್ವೇದ ಕಾಲೇಜು ಇದೆ. ಅಲ್ಲಿನ ವೈದ್ಯರೊಬ್ಬರ ಪರಿಚಯ ಮಾಡಿಕೊಂಡು, ಯಾವ ಕಿಮೋ ನಡೆದಿದೆ ಎಂದು ಪತ್ರ ಬರೆದು ರೋಗಿಯನ್ನು ಕಳಿಸಿ. ಉತ್ತರವೂ ಪತ್ರದಲ್ಲೇ ಬರಲಿ. ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧ ಕೊಟ್ಟ ಪ್ರಕರಣದಲ್ಲಿ, ತಾನು ಓದದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಆ ಮಾತನ್ನು ನಾವೂ ಪಾಲಿಸಬೇಕು. ಕ್ಲಿನಿಕ್ ತೆರೆದರೆ ಬೋರ್ಡಿನಲ್ಲಿ ‘ಕ್ಯಾನ್ಸರ್ ಗುಣಪಡಿಸಲಾಗುವುದು’ ಅಂತ ಬರೆಸಬೇಡಿ. ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಔಷಧದ ಜಾಹೀರಾತು ಕೊಡುವುದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ಅಪರಾಧ. ಹೆಸರು, ಡಿಗ್ರಿ, ನೋಂದಣಿ ನಂಬರು, ಓಪಿಡಿ ವೇಳೆ ಇದ್ದರೆ ಸಾಕು.