ಆಗುಂಬೆ ಘಾಟಿ, ಡಿಸೆಂಬರ್ ಚಳಿ ಮತ್ತು ನನ್ನ ಕರೆಂಟ್ ಕಾರು

ಚಳಿಗಾಲದ ಬೆಳಗ್ಗೆ ಫುಲ್ ಚಾರ್ಜ್ ಮಾಡಿದ ಎಲೆಕ್ಟ್ರಿಕ್ ಕಾರಿನಲ್ಲಿ ಆಗುಂಬೆ ಘಾಟಿ ಇಳಿಯಬೇಡಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಇಳಿದೇ ಕಲಿತೆ.

ನಮ್ಮ ಮನೆ ಆಗುಂಬೆ ಪೇಟೆಯಿಂದ 4 ಕಿಲೋಮೀಟರ್ ಈಚೆ, ಅಡಿಕೆ ತೋಟದ ಪಕ್ಕ. ಅಮ್ಮನನ್ನು ತಿಂಗಳಿಗೆ ಎರಡು ಸಲ ಮಣಿಪಾಲದ ಆಸ್ಪತ್ರೆಗೆ ತೋರಿಸಿಕೊಂಡು ಬರಬೇಕು. ಎಂಟು ಗಂಟೆಗೆ ಅಲ್ಲಿರಬೇಕೆಂದರೆ ಮಂಜು ಕವಿದಿರುವಾಗಲೇ ಹೊರಡಬೇಕು. ಕಾರಿನ ಬ್ಯಾಟರಿ 30 ಕಿಲೋವಾಟ್ ಅವರ್. ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 30 ಯೂನಿಟ್.

ಕಾರು ಕೊಂಡ ಮೊದಲ ಚಳಿಗಾಲ. ದೂರದ ಪ್ರಯಾಣ, ಜೊತೆಗೆ ಅಮ್ಮ. ಇರಲಿ ಅಂತ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ 100 ಮಾಡಿಕೊಂಡೆ. ಘಾಟಿ ತಲೆಗೆ ಬಂದಾಗ 98 ಇತ್ತು. ಮೊದಲ ತಿರುವಿನಲ್ಲಿ ಅಭ್ಯಾಸದಂತೆ ಎಕ್ಸಲರೇಟರ್‌ನಿಂದ ಕಾಲು ತೆಗೆದೆ. ಕಾರು ನಿಧಾನ ಆಗಲೇ ಇಲ್ಲ. ಸುಮ್ನೆ ಜಾರುತ್ತಲೇ ಹೋಯಿತು.

ಎಲೆಕ್ಟ್ರಿಕ್ ಕಾರು ಓಡಿಸುವವರಿಗೆ ಇದು ಎಷ್ಟು ಗಾಬರಿ ಎಂದು ಗೊತ್ತು. ಕಾಲು ತೆಗೆದರೆ ಮೋಟಾರು ಜನರೇಟರ್ ಆಗಿ ತಿರುಗುತ್ತದೆ, ಕಾರನ್ನು ಹಿಡಿದು ನಿಲ್ಲಿಸುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ. ಇದೇ ರೀಜನ್. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗವೇ ಇಲ್ಲ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಹೊಯ್ಯುವುದು? ಅದರ ಮೇಲೆ ಬ್ಯಾಟರಿ ತಣ್ಣಗಿದ್ದರೆ ಚಾರ್ಜನ್ನು ಇನ್ನೂ ನಿಧಾನಕ್ಕೆ ತೆಗೆದುಕೊಳ್ಳುತ್ತದೆ. ಪೆಟ್ರೋಲ್ ಕಾರಾಗಿದ್ದರೆ ಎರಡನೇ ಗೇರಿಗೆ ಹಾಕಿ ಇಂಜಿನ್ನಿನಲ್ಲೇ ಹಿಡಿದುಕೊಳ್ಳಬಹುದಿತ್ತು. ಇಲ್ಲಿ ಗೇರೇ ಇಲ್ಲ. ಉಳಿದದ್ದು ಬ್ರೇಕ್ ಒಂದೇ.

14 ಹೇರ್‌ಪಿನ್ ತಿರುವು. ಮುಂದೆ ಒಂದು ಮಿನಿ ಬಸ್ಸು. ಅರ್ಧ ಇಳಿಯುವಷ್ಟರಲ್ಲಿ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಒಳಗೇ ಬಂತು. "ಎಂತದು ಮಾರಾಯ, ಏನೋ ಕಮಟು" ಅಂದರು ಅಮ್ಮ. ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಹದಿನೈದು ನಿಮಿಷ ಬ್ರೇಕ್ ಆರಲು ಬಿಟ್ಟು ಮೆಲ್ಲಗೆ ಇಳಿದೆವು. ಆಸ್ಪತ್ರೆಯಲ್ಲಿ ನಮ್ಮ ಟೋಕನ್ ದಾಟಿಹೋಗಿತ್ತು.

ಅಂದಿನಿಂದ ಮಣಿಪಾಲದ ದಿನಕ್ಕೆ 80ರಿಂದ 85ರ ಮೇಲೆ ಹಾಕುವುದಿಲ್ಲ. ಲೆಕ್ಕ ಸುಲಭ. ಜನ ಸೇರಿದರೆ ಕಾರು 1,500 ಕೆ.ಜಿ.ಗಿಂತ ಜಾಸ್ತಿ. ಘಾಟಿಯಲ್ಲಿ ಐನೂರು ಮೀಟರ್ ಇಳಿದರೆ ಸುಮಾರು 2 ಯೂನಿಟ್ ಶಕ್ತಿ ಬಿಡುಗಡೆ ಆಗುತ್ತದೆ. ಒಂದಿಷ್ಟು ಟೈರಿನಲ್ಲಿ, ಗಾಳಿಯಲ್ಲಿ ಹೋಗಿ, ಘಾಟಿ ಬುಡದ ಸೋಮೇಶ್ವರ ಮುಟ್ಟುವಾಗ ನನಗೆ 3 ಪರ್ಸೆಂಟ್ ವಾಪಸ್ ಸಿಗುತ್ತದೆ. ವಾಪಸ್ ಬರುವಾಗ ಅದೇ ಘಾಟಿ 10 ಪರ್ಸೆಂಟ್ ನುಂಗುತ್ತದೆ. ಹೋಗಿ ಬಂದು 120 ಕಿಲೋಮೀಟರ್. 85ರಲ್ಲಿ ಹೊರಟರೂ ಮನೆಗೆ ಬರುವಾಗ 20ರ ಮೇಲೇ ಉಳಿದಿರುತ್ತದೆ. ಹಾಗಿದ್ದಮೇಲೆ 100 ಯಾಕೆ ಬೇಕಿತ್ತೋ!

ನನ್ನದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದನ್ನು ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಪರ್ಸೆಂಟ್ ಲೆಕ್ಕ ತಪ್ಪುತ್ತದೆ. ಆ ಕೆಲಸವನ್ನು ತೀರ್ಥಹಳ್ಳಿ, ಶಿವಮೊಗ್ಗ ಕಡೆ ಹೋಗುವ ದಿನಕ್ಕೆ ಇಟ್ಟುಕೊಂಡಿದ್ದೇನೆ. ಆ ಕಡೆ ಅಂಥ ಇಳಿಜಾರಿಲ್ಲ.

ಚಳಿಯ ಬಗ್ಗೆ ನನಗಿದ್ದ ಹೆದರಿಕೆ ಮಾತ್ರ ಸುಳ್ಳಾಯಿತು. ನಾರ್ವೆಯವರ ವಿಡಿಯೋ ನೋಡಿ ನೋಡಿ ತಲೆ ಕೆಡಿಸಿಕೊಂಡಿದ್ದೆ. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಎಲೆಕ್ಟ್ರಿಕ್. ಅವರಿಗೆ ಸೊನ್ನೆಗಿಂತ ಕೆಳಗಿನ ಚಳಿ. ಅಂಥ ಚಳಿಯಲ್ಲಿ ಬಿಸಿ ಮಾಡದೆ ಚಾರ್ಜ್ ಮಾಡಿದರೆ ಬ್ಯಾಟರಿಗೇ ಪೆಟ್ಟು. ನಮ್ಮಲ್ಲಿ ಬೆಳಗಿನ ಜಾವ 12, 13 ಡಿಗ್ರಿ. ಬ್ಯಾಟರಿ ಸ್ವಲ್ಪ ಮಂಕಾಗುತ್ತದೆ, ಅಷ್ಟೇ.

ರೇಂಜ್ ತಿನ್ನುವುದು ಹೀಟರ್. ಪೆಟ್ರೋಲ್ ಕಾರಿಗೆ ಇಂಜಿನ್ನಿನ ಬಿಸಿ ಬಿಟ್ಟಿ. ಇದರಲ್ಲಿ ಆ ಬಿಸಿಯೂ ಬ್ಯಾಟರಿಯಿಂದಲೇ ಬರಬೇಕು. ಹೀಟರ್ ತಿನ್ನುವುದು ಗಂಟೆ ಲೆಕ್ಕದಲ್ಲಿ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಮಂಜಿನಲ್ಲಿ 30, 35ರ ವೇಗದಲ್ಲಿ ಹೋಗುವಾಗ ಒಂದೊಂದು ಕಿಲೋಮೀಟರಿಗೂ ಅದು ಜಾಸ್ತಿ ಹೊತ್ತು ಉರಿಯುತ್ತದೆ. ಗಂಟೆಗೆ ಒಂದೂವರೆ ಯೂನಿಟ್ ಎಂದುಕೊಂಡರೂ ಎರಡು ಗಂಟೆಗೆ 3 ಯೂನಿಟ್, ಅಂದರೆ ನನಗೆ 20 ಕಿಲೋಮೀಟರ್ ದಾರಿ. ಅದಕ್ಕೇ ಅಮ್ಮನಿಗೆ ಕಂಬಳಿ, ನನಗೆ ಮಫ್ಲರ್. ಹೀಟರ್ ಗಾಜಿಗೆ ಮಾತ್ರ. ಗಾಜಿನ ಒಳಗೆ ಮಂಜು ಕಟ್ಟಿದಾಗ ಎಸಿಯನ್ನೂ ಹಾಕಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಬಿಟ್ಟರೆ ಎರಡೇ ನಿಮಿಷಕ್ಕೆ ತಿಳಿಯಾಗುತ್ತದೆ. ಬಿಸಿ ಉಳಿಸಲೆಂದು ಒಳಗಿನ ಗಾಳಿಯನ್ನೇ ಸುತ್ತಿಸಿದರೆ ನಮ್ಮ ಉಸಿರೇ ಗಾಜಿಗೆ ಮೆತ್ತಿಕೊಳ್ಳುತ್ತದೆ.

ಚಾರ್ಜಿಂಗ್ ಮುಗಿಯುವ ಹೊತ್ತಿಗೂ ಹೊರಡುವ ಹೊತ್ತಿಗೂ ಜಾಸ್ತಿ ಅಂತರ ಬಿಡುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಗೆ ಒಂಚೂರು ಕಾವು ಇರುತ್ತದೆ. ನನ್ನ 15 ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಸುಮಾರು 10 ಪರ್ಸೆಂಟ್ ಏರುತ್ತದೆ. 50 ಇದ್ದರೆ ಬೆಳಗಿನ ಜಾವ ಎರಡಕ್ಕೆ ಶುರು ಮಾಡಿದರೆ ಸಾಕು. ಆ ಹೊತ್ತಿಗೆ ಪಂಪ್‌ಸೆಟ್‌ಗಳು ನಿಂತಿರುವುದರಿಂದ ವೋಲ್ಟೇಜೂ ಚೆನ್ನಾಗಿರುತ್ತದೆ. ಮೊಬೈಲಿನಲ್ಲೇ ಟೈಮ್ ಇಡಬಹುದು ಎಂದು ಶೋರೂಮಿನಲ್ಲಿ ಹೇಳಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಬರಬೇಕು? ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಹೇಗೂ ಯಾರಾದರೂ ಎದ್ದಿರುತ್ತೇವೆ. ಬೇರೆ ದಿನ ಅಲಾರಂ ಇಟ್ಟುಕೊಂಡು, ಟಾರ್ಚ್ ಹಿಡಿದು, ನಾನೇ ಹೋಗಿ ಸ್ವಿಚ್ ಹಾಕುತ್ತೇನೆ. "ಹಸು ಕರು ಹಾಕಲಿಕ್ಕೆ ಕಾದ ಹಾಗೆ ಕಾಯ್ತೀಯಲ್ಲ" ಎಂದು ಅಪ್ಪಯ್ಯ ನಗುತ್ತಾರೆ.

ಇನ್ನೊಂದು ತಕರಾರು ಮಳೆ ನಿಂತ ಮೇಲೆ ಶುರುವಾಗುತ್ತದೆ. ನೆಲ ಒಣಗಿದಂತೆ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ, ಚಾರ್ಜರ್ ಕೆಂಪು ದೀಪ ತೋರಿಸಿ ಕುಳಿತುಬಿಡುತ್ತದೆ. ಜಂಬಿಟ್ಟಿಗೆ ನೆಲಕ್ಕೆ ಇದು ಸಾಮಾನ್ಯ. ಡಿಸೆಂಬರಿನಿಂದ ವಾರಕ್ಕೊಮ್ಮೆ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ.

ಟೈರಿನ ಗಾಳಿ ಬೆಳಗ್ಗೆ, ಕಾರು ಹೊರಡುವ ಮೊದಲೇ ನೋಡಬೇಕು. ಐದಾರು ಡಿಗ್ರಿ ತಂಪಾದರೆ ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಪೇಟೆಯಲ್ಲಿ ಹಾಕಿಸಿದ ಗಾಳಿ ಬೆಳಗ್ಗೆ ಎರಡು ಮೂರು ಕಡಿಮೆ ತೋರಿಸುತ್ತದೆ.

ಕಳೆದ ಜನವರಿಯಲ್ಲಿ ಒಂದು ತಮಾಷೆ ಆಯಿತು. ಕೊಯ್ಲಿನ ಗಡಿಬಿಡಿಯಲ್ಲಿ ಹತ್ತು ದಿನ ಕಾರು ತೆಗೆದಿರಲಿಲ್ಲ. ಹೊರಡುವ ದಿನ ನೋಡಿದರೆ ಜೀವವೇ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ 80 ಇದೆ, ಆದರೆ ಕಾರನ್ನು ಎಬ್ಬಿಸುವ 12 ವೋಲ್ಟಿನ ಸಣ್ಣ ಬ್ಯಾಟರಿ ಸತ್ತಿದೆ. ಅದು ಹಳೆಯದಾಗಿತ್ತು, ಚಳಿ ಒಂದು ನೆಪ. ಮನೆಯ ಇನ್ವರ್ಟರ್ ಬ್ಯಾಟರಿಯೂ 12 ವೋಲ್ಟೇ ಅಲ್ವಾ? ವೈರು ಕಳಚಿ, ಅಪ್ಪಯ್ಯ ಒಂದು ಕಡೆ ನಾನು ಒಂದು ಕಡೆ ಹಿಡಿದು ಅಂಗಳಕ್ಕೆ ತಂದೆವು. ಜಂಪರ್ ವೈರಿನಲ್ಲಿ ಪ್ಲಸ್ಸಿಗೆ ಪ್ಲಸ್ ಕೊಟ್ಟು, ಮೈನಸ್ಸನ್ನು ಕಾರಿನ ಬಾಡಿಯ ಕಬ್ಬಿಣಕ್ಕೆ ಕಚ್ಚಿಸಿದೆ. ಎದ್ದಿತು. ಒಮ್ಮೆ ಎದ್ದ ಮೇಲೆ ದೊಡ್ಡ ಬ್ಯಾಟರಿಯೇ ಸಣ್ಣದಕ್ಕೆ ಉಣಿಸುತ್ತದೆ.

ಆ ದಿನವೂ ಘಾಟಿ ತಲೆಗೆ ಬಂದಾಗ ನೋಡಿದ್ದು ಒಂದೇ, ಪರ್ಸೆಂಟ್. 79. ಕಾಲು ತೆಗೆದೆ, ಕಾರು ಹಿಡಿದುಕೊಂಡಿತು. ಅಮ್ಮ ಕಂಬಳಿ ಹೊದ್ದು ನಿದ್ದೆ ಮಾಡುತ್ತಿದ್ದರು.