ಷಡ್ಡಕನ ದರಪಟ್ಟಿ ನಮ್ಮ ಮೇಜಿಗೇ ಬಂದಾಗ

ಉತ್ತರ ಕನ್ನಡದಲ್ಲಿ ಸರ್ಕಾರಿ ನೌಕರಿ ಮಾಡುವವರಿಗೆ ನೆಂಟರಿಲ್ಲದ ತಾಲ್ಲೂಕು ಸಿಗುವುದು ಕಷ್ಟ. ಶಿರಸಿಯವರು ಅಂಕೋಲೆಗೆ ವರ್ಗವಾಗಿ ಹೋದರೂ ಅಲ್ಲೊಬ್ಬ ಭಾವನೋ ಷಡ್ಡಕನೋ ಗುತ್ತಿಗೆದಾರನಾಗಿ, ಇಲ್ಲವೇ ಸ್ಟೇಷನರಿ ಅಂಗಡಿ ಇಟ್ಟುಕೊಂಡು ಇದ್ದೇ ಇರುತ್ತಾನೆ. ಆದ್ದರಿಂದ ಹಿತಾಸಕ್ತಿ ಸಂಘರ್ಷ, ಅಂದರೆ ಕಚೇರಿಯ ಕರ್ತವ್ಯಕ್ಕೆ ನಮ್ಮ ಸ್ವಂತದ ಅಥವಾ ನೆಂಟರ ಲಾಭ ಅಡ್ಡ ಬರುವ ಸಂದರ್ಭ, ಎದುರಾಗುವುದೇ ಅಪರಾಧವಲ್ಲ. ಅದನ್ನು ಯಾವಾಗ ಬರೆದು ಕೊಟ್ಟಿರಿ ಅನ್ನುವುದು ಮುಖ್ಯ. ದರಪಟ್ಟಿ ತೆರೆಯುವ ಮೊದಲು ಬರೆದದ್ದಕ್ಕೆ ಬೆಲೆ ಇದೆ; ದೂರು ಬಂದ ಮೇಲೆ ಬರೆದದ್ದು ಬರೀ ಸಮಜಾಯಿಷಿ.

ನಮಗೆ ಅನ್ವಯಿಸುವುದು ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021. 1966ರ ನಿಯಮಗಳ ಜಾಗಕ್ಕೆ ಬಂದವು ಇವು. 'ಕುಟುಂಬ' ಅಂದರೆ ಗಂಡ ಅಥವಾ ಹೆಂಡತಿ, ಮಕ್ಕಳು ಮತ್ತು ಪೂರ್ತಿ ನಮ್ಮನ್ನೇ ನಂಬಿದ ಬಂಧುಗಳು. ಷಡ್ಡಕ ಇದರೊಳಗೆ ಬರುವುದಿಲ್ಲ. ಆದರೂ ನಾನು ಷಡ್ಡಕನ ವಿಷಯವನ್ನೂ ಬರೆಯುತ್ತೇನೆ. ಕ್ರೈಪಾಕ್ ಪ್ರಕರಣದಲ್ಲಿ (1969) ಸುಪ್ರೀಂ ಕೋರ್ಟ್ ನೋಡಿದ್ದು ಪಕ್ಷಪಾತ ನಡೆಯಿತೇ ಎಂದಲ್ಲ, ನಡೆಯುವ ಸಂಭವ ಇತ್ತೇ ಎಂದು. ಅಲ್ಲಿ ಅರಣ್ಯಾಧಿಕಾರಿಯೊಬ್ಬರು ತಾವೇ ಅಭ್ಯರ್ಥಿಯಾಗಿದ್ದ ಆಯ್ಕೆ ಮಂಡಳಿಯಲ್ಲಿ ಕೂತಿದ್ದರು. ತಮ್ಮ ಹೆಸರು ಬಂದಾಗ ಚರ್ಚೆಯಿಂದ ದೂರ ಉಳಿದಿದ್ದರೂ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಭಾಗವಹಿಸಿದ್ದರು. ಆಯ್ಕೆಯೇ ರದ್ದಾಯಿತು. ನೆಂಟನ ದರಪಟ್ಟಿ ಬಂದಾಗ ಐದು ನಿಮಿಷ ಎದ್ದು ಹೋಗಿ, ಉಳಿದವರ ದರ ಪರಿಶೀಲಿಸಲು ಬಂದು ಕೂರುವವರು ಇದನ್ನು ಗಮನಿಸಬೇಕು.

ಟಿಪ್ಪಣಿ ಹಾಳೆಯಲ್ಲಿ ನಾನು ಬರೆಯುವ ಒಕ್ಕಣೆ ಹೀಗಿರುತ್ತದೆ:

"ಪುಟ 14ರ ದರಪಟ್ಟಿ ಸಲ್ಲಿಸಿರುವ ಸಂಸ್ಥೆಯ ಮಾಲೀಕರು ನನ್ನ ಹೆಂಡತಿಯ ತಂಗಿಯ ಗಂಡ. ಸದರಿ ಸಂಸ್ಥೆಯಲ್ಲಿ ನನ್ನದಾಗಲಿ ನನ್ನ ಕುಟುಂಬದವರದಾಗಲಿ ಬಂಡವಾಳ, ಸಾಲ, ಜಾಮೀನು ಇರುವುದಿಲ್ಲ. ದರಗಳ ತುಲನಾತ್ಮಕ ತಖ್ತೆ ತಯಾರಿಕೆಯಿಂದ ಅಂತಿಮ ಬಿಲ್ಲು ಹಾಗೂ ಭದ್ರತಾ ಠೇವಣಿ ವಾಪಸಾತಿವರೆಗೆ ಈ ಕಡತವನ್ನು ಬೇರೆ ವಿಷಯ ನಿರ್ವಾಹಕರಿಗೆ ವಹಿಸಲು ಕೋರಿದೆ."

ಸಂಬಂಧವನ್ನು ಬಿಡಿಸಿ ಬರೆಯಬೇಕು. 'ಪರಿಚಿತರು' ಅಂದರೆ ತನಿಖೆಯಲ್ಲಿ ಮುಚ್ಚಿಟ್ಟ ಹಾಗೆಯೇ ಕಾಣುತ್ತದೆ. ಜಾಮೀನು ಎಂಬ ಶಬ್ದ ಬಿಡಬೇಡಿ. ಸೊಸೈಟಿ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ನಮ್ಮಲ್ಲಿ ಮಾಮೂಲು. ನೆಂಟ ಸಾಲ ಕಟ್ಟದಿದ್ದರೆ ಹೊರೆ ನಮ್ಮ ಮೇಲೆಯೇ ಬೀಳುವುದರಿಂದ ಅವನ ಬಿಲ್ಲು ಬೇಗ ಆಗುವುದರಲ್ಲಿ ನಮ್ಮ ಹಿತವೂ ಸೇರಿರುತ್ತದೆ. ಹೆಚ್ಚಿನವರು ಎಡವುವುದು ಕೊನೆಯ ವಾಕ್ಯದಲ್ಲಿ. ಟೆಂಡರಿನಿಂದ ಮಾತ್ರ ಹಿಂದೆ ಸರಿದಿರುತ್ತಾರೆ. ಆರು ತಿಂಗಳ ನಂತರ ಅದೇ ಕಾಮಗಾರಿಯ ಎಂ.ಬಿ. (ಅಳತೆ ಪುಸ್ತಕ), ಗುಣಮಟ್ಟದ ವರದಿ, ಠೇವಣಿ ವಾಪಸಾತಿ ಅರ್ಜಿ ಅದೇ ಮೇಜಿಗೆ ಬರುತ್ತವೆ, ಸಹಿಯೂ ಬಿದ್ದುಹೋಗುತ್ತದೆ.

ಮೇಲಧಿಕಾರಿ 'ನೋಡಿದೆ' ಎಂದು ಷರಾ ಹಾಕಿ ಕಳಿಸಿದರೆ ಅದು ಆದೇಶವಲ್ಲ. ಯಾರಿಗೆ ವಹಿಸಲಾಗಿದೆ ಎಂದು ಹೆಸರು ಅಥವಾ ಹುದ್ದೆ ಬರುವವರೆಗೆ 'ಸ್ಪಷ್ಟ ಆದೇಶಕ್ಕಾಗಿ' ಎಂದು ಮತ್ತೆ ಮಂಡಿಸುತ್ತೇನೆ. ಇದರಿಂದ ಸಾಹೇಬರಿಗೆ ಸ್ವಲ್ಪ ಕಿರಿಕಿರಿಯಾಗುತ್ತದೆ, ಆಗಲಿ.

ಬೇರೆಯವರ ಸಂಘರ್ಷ ಪತ್ತೆಹಚ್ಚಲು ನನಗೆ ಹೆಚ್ಚು ಉಪಯೋಗಕ್ಕೆ ಬಿದ್ದದ್ದು ಜಿಎಸ್‌ಟಿ ಸಂಖ್ಯೆ. ಅದರಲ್ಲಿ 15 ಅಕ್ಷರ-ಅಂಕಿಗಳಿವೆ: ಮೊದಲ ಎರಡು ರಾಜ್ಯದ ಸಂಕೇತ (ಕರ್ನಾಟಕಕ್ಕೆ 29), ಮುಂದಿನ ಹತ್ತು ಆ ವ್ಯಾಪಾರಿಯ ಪಾನ್. ಮೂರು ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಈ ಹತ್ತನ್ನು ಹೋಲಿಸಿದರೆ, ಬೇರೆ ಬೇರೆ ಹೆಸರಿನ ಎರಡು ಅಂಗಡಿ ಒಬ್ಬನದೇ ಎಂದು ಗೊತ್ತಾಗಿಬಿಡುತ್ತದೆ. ಪಾನಿನ ನಾಲ್ಕನೆಯ ಅಕ್ಷರ 'ಪಿ' ಇದ್ದರೆ ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ, 'ಸಿ' ಇದ್ದರೆ ಕಂಪನಿ, 'ಎಚ್' ಇದ್ದರೆ ಹಿಂದೂ ಅವಿಭಕ್ತ ಕುಟುಂಬ. 'ಎಚ್' ಕಂಡರೆ ನಮ್ಮ ಸಿಬ್ಬಂದಿಯಲ್ಲಿ ಆ ಮನೆತನದವರು ಯಾರಾದರೂ ಇದ್ದಾರೆಯೇ ಎಂದು ಕೇಳಲೇಬೇಕು. ಜಿಎಸ್‌ಟಿ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ಅಂಗಡಿಯ ಬೋರ್ಡಿನ ಹೆಸರಿನ ಜೊತೆ ಮಾಲೀಕರ ಕಾನೂನುಬದ್ಧ ಹೆಸರೂ ಬರುತ್ತದೆ. ಅದರ ಮುದ್ರಿತ ಪ್ರತಿಯನ್ನು ಕಡತಕ್ಕೆ ಸೇರಿಸುತ್ತೇನೆ. ಬಾಡಿಗೆ ವಾಹನದ ಕಡತವಾದರೆ ಆರ್‌ಸಿಯಲ್ಲಿ (ವಾಹನದ ನೋಂದಣಿ ಪತ್ರ) ಇರುವ ಹೆಸರನ್ನು ಮೊದಲು ನೋಡುತ್ತೇನೆ.

ಉಡುಗೊರೆಯ ವಿಷಯದಲ್ಲಿ ನಮ್ಮ ಕಡೆ ಹಣಕ್ಕಿಂತ ತಿನ್ನುವ ಸಾಮಾನೇ ತೊಂದರೆ. ಬೇಸಿಗೆಯಲ್ಲಿ ಅಂಕೋಲೆಯ ಕರಿ ಈಶಾಡು ಮಾವಿನ ಬುಟ್ಟಿ, ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಇಶ್ವಾಣ ಮೀನು, ಘಟ್ಟದ ಮೇಲಿಂದ ಜೇನುತುಪ್ಪದ ಬಾಟಲಿ. ಎಂದಾದರೊಮ್ಮೆ ಆಕಸ್ಮಿಕವಾಗಿ ಆದ ಊಟ, ಹತ್ತಿಸಿಕೊಂಡು ಹೋದ ಗಾಡಿ ಉಡುಗೊರೆಯಲ್ಲ. ಆದರೆ ಕಚೇರಿಯಲ್ಲಿ ಕೆಲಸ ಬಾಕಿ ಇರುವವರಿಂದ ಪದೇ ಪದೇ ಆತಿಥ್ಯ ಪಡೆಯಬಾರದು. ಮೀನು ಮನೆಯ ಜಗುಲಿಯಲ್ಲಿಟ್ಟು ಹೋಗಿದ್ದರೆ ಅದೇ ದಿನ ವಾಪಸು ಕಳಿಸಿ, 'ಹಿಂತಿರುಗಿಸಲಾಗಿದೆ' ಎಂದು ವಾಟ್ಸ್ಆ್ಯಪ್ ಮಾಡಿ ಆ ಸಂದೇಶ ಉಳಿಸಿಕೊಳ್ಳುತ್ತೇನೆ. ಕಚೇರಿಯ ಜವಾನನ ಕೈಲಿ ಕಳಿಸಬಾರದು, ಸುದ್ದಿ ಬೇರೆ ರೂಪದಲ್ಲಿ ಹಬ್ಬುತ್ತದೆ. ಜೊಯಿಡಾದ ಒಳಹಳ್ಳಿಗೆ ಸ್ಥಳ ತನಿಖೆಗೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋಗುವುದೇ ಸುಲಭ. ಗುತ್ತಿಗೆದಾರನ ಜೀಪಿನಲ್ಲಿ ಹೋಗಿ ಪ್ರಯಾಣ ಭತ್ಯೆಯ ಬಿಲ್ಲನ್ನೂ ಹಾಕಿದರೆ ಅದು ಬೇರೆಯದೇ ಪ್ರಕರಣವಾಗುತ್ತದೆ.

ಮನೆ ಕಟ್ಟಿಸುವಾಗ ಇನ್ನಷ್ಟು ಎಚ್ಚರ ಬೇಕು. ನಮ್ಮ ಬಳಿ ಬಿಲ್ಲು ಬಾಕಿ ಇರುವವನಿಂದ ಚಿರೆಕಲ್ಲು, ಮರಳು ಅರ್ಧ ದರಕ್ಕೆ ಬಂದರೂ 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 11ನೇ ಕಲಂ ತಗಲುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. 'ದುಡ್ಡು ಕೊಟ್ಟಿದ್ದೇನಲ್ಲ' ಎಂಬ ವಾದ ನಿಲ್ಲುವುದಿಲ್ಲ, ಸಾಲದಷ್ಟು ಬೆಲೆ ಕೊಟ್ಟದ್ದೂ ಆ ಕಲಮಿನೊಳಗೇ ಬರುತ್ತದೆ. ಕೆಲಸ ಬಾಕಿ ಇರುವವರಿಂದ ಸಾಮಾನನ್ನೇ ತರಿಸದಿರುವುದು ಒಳ್ಳೆಯದು. ಬೇರೆಯವರಿಂದ ತರಿಸಿದ್ದಕ್ಕೂ ಬಿಲ್ಲು ಇರಲಿ, ಹಣ ಬ್ಯಾಂಕಿನ ಮೂಲಕವೇ ಹೋಗಲಿ.

ಪಿತ್ರಾರ್ಜಿತ ಅಡಿಕೆ ತೋಟದ ಫಸಲು ಮಾರುವುದು ಕೃಷಿ. ಆಸ್ತಿ ವಿವರದಲ್ಲಿ ತೋಟವನ್ನು ತೋರಿಸಿದರೆ ಸಾಕು. ಊರವರ ತೋಟದ ಫಸಲು ಗುತ್ತಿಗೆ ಹಿಡಿದು ಮಾರಲು ಹೊರಟರೆ ಅದು ವ್ಯಾಪಾರ, ಅನುಮತಿಯಿಲ್ಲದೆ ಮಾಡುವಂತಿಲ್ಲ. ಗೋಕರ್ಣ, ದಾಂಡೇಲಿಯ ಕಡೆ ಹೆಂಡತಿಯ ಹೆಸರಿನ ಹೋಂಸ್ಟೇಗಳು ಹೆಚ್ಚಾಗಿವೆ. ಕುಟುಂಬದವರು ವ್ಯಾಪಾರ ನಡೆಸುವುದಕ್ಕೆ ಅಡ್ಡಿಯಿಲ್ಲ, ಆದರೆ ಲಿಖಿತವಾಗಿ ವರದಿ ಮಾಡಬೇಕು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹೆಂಡತಿಯ ಹೋಂಸ್ಟೇ ಅದೇ ಪಂಚಾಯತಿ ವ್ಯಾಪ್ತಿಯಲ್ಲಿದ್ದರೆ ಪರವಾನಗಿ ಕಡತಕ್ಕೆ ಅವರು ಕೈಹಾಕಬಾರದು. ಪಕ್ಕದ ಹೋಂಸ್ಟೇಯ ಅರ್ಜಿಯನ್ನೂ ಮುಟ್ಟಬಾರದು ಎನ್ನುತ್ತೇನೆ ನಾನು, ಅದು ಪೈಪೋಟಿಯವರದ್ದು.

ಕಾರವಾರದಲ್ಲಿ ಒಬ್ಬರು ರಾಜ್ಯ ನೌಕರರು, ಇನ್ನೊಬ್ಬರು ನೌಕಾನೆಲೆಯ ನಾಗರಿಕ ನೌಕರರಾಗಿರುವ ದಂಪತಿಗಳುಂಟು. ಎರಡನೆಯವರಿಗೆ ಅನ್ವಯಿಸುವುದು ಕೇಂದ್ರದ 1964ರ ನಡತೆ ನಿಯಮಗಳು. ಎರಡು ತಿಂಗಳ ಮೂಲ ವೇತನಕ್ಕಿಂತ ಹೆಚ್ಚು ಬೆಲೆಯ ಚರಾಸ್ತಿ ಕೊಂಡರೆ ಒಂದು ತಿಂಗಳೊಳಗೆ ತಿಳಿಸಬೇಕು, ಸ್ಥಿರಾಸ್ತಿ ವಿವರವನ್ನು ಜನವರಿ 31ರೊಳಗೆ ಕೊಡಬೇಕು. ಜಂಟಿಯಾಗಿ ಕೊಂಡ ಸೈಟು ಇಬ್ಬರ ವಿವರದಲ್ಲೂ ಒಂದೇ ದಿನಾಂಕ, ಒಂದೇ ಮೊತ್ತ, ಒಂದೇ ಹಣದ ಮೂಲದೊಂದಿಗೆ ಇರಬೇಕು. ಒಂದರಲ್ಲಿ ನೋಂದಣಿ ಶುಲ್ಕ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೂ ವಿವರಣೆ ಕೇಳುತ್ತಾರೆ.

ವರ್ಗವಾದಾಗ ಹಳೆಯ ಕಚೇರಿಗೆ ಕೊಟ್ಟ ಘೋಷಣೆ ಅಲ್ಲಿಯ ಕಡತದಲ್ಲೇ ಉಳಿಯುತ್ತದೆ. ಹೊಸ ಕಚೇರಿಯಲ್ಲಿ ಹಾಜರಾದ ವಾರದೊಳಗೆ ಇನ್ನೊಂದು ಬರೆದು ಕೊಟ್ಟು, ಆವಕ ಸಂಖ್ಯೆ ಹಾಕಿಸಿದ ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳುತ್ತೇನೆ.